ಒಂದು ಮೊಳ ಹೂವಿನ ಲೆಕ್ಕ

ಕಲೆ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುತೇಕರ ಕಣ್ಣೆದುರು ಬರುವುದು ಗಾಜಿನ ಚೌಕಟ್ಟಿನೊಳಗೆ ತೂಗುಹಾಕಿದ ಚಿತ್ರ, ಇಲ್ಲವೇ ವೇದಿಕೆಯ ಬೆಳಕಿನಲ್ಲಿ ಕುಳಿತ ಗಾಯಕ. ಅದನ್ನು ಸವಿಯಲು ಟಿಕೆಟ್ ಬೇಕು, ಬಿಡುವು ಬೇಕು, ಅರ್ಥ ಮಾಡಿಕೊಳ್ಳಲು ಒಂದಿಷ್ಟು ಓದೂ ಬೇಕು ಎಂಬ ಭಾವನೆ ಬೇರೂರಿದೆ. ಹೊಟ್ಟೆ ತುಂಬಿದವರ ಹವ್ಯಾಸ ಅದು, ದುಡಿದು ತಿನ್ನುವವರಿಗೆ ಅದರಿಂದ ಏನಾಗಬೇಕು ಎಂದು ಕೇಳುವವರಿದ್ದಾರೆ. ಇನ್ನು ಕೆಲವರು ಅದನ್ನು ಕಾಲಹರಣವೆಂದೂ ದುಂದುವೆಚ್ಚವೆಂದೂ ದೂರವಿಡುತ್ತಾರೆ. ಒಂದು ಕಡೆ ಕಲೆಯನ್ನು ತಲೆಯ ಮೇಲೆ ಹೊತ್ತವರು, ಇನ್ನೊಂದು ಕಡೆ ಅದನ್ನು ಬಾಗಿಲಾಚೆ ನಿಲ್ಲಿಸಿದವರು. ಆದರೆ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತವಿದೆ. ಕಲೆ ಜನಸಾಮಾನ್ಯರದಲ್ಲ!

ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದ ನಮಗೆ ಈ ಮಾತು ಎಂದೂ ಸರಿಯೆನಿಸಿಲ್ಲ. ನಮ್ಮ ಮನೆಯಲ್ಲಿ ಚಿತ್ರಕಾರರಿರಲಿಲ್ಲ, ಹಾಡುಗಾರರೂ ಇರಲಿಲ್ಲ. ಅಬ್ಬಾ ಸುಲ್ತಾನ್‌ಪೇಟೆಯ ಒಂದು ಕಾಗದದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಬಳದ ದಿನ ಅವರ ಜೇಬಿನಲ್ಲಿ ಒಂದು ಚೀಟಿ ಇರುತ್ತಿತ್ತು. ಅಕ್ಕಿ, ಬೇಳೆ, ಸೀಮೆಎಣ್ಣೆ, ಶಾಲೆಯ ಫೀಸು, ಬಾಡಿಗೆ. ಚೀಟಿಯ ಪ್ರಕಾರ ಹಂಚಿ ಮುಗಿದ ಮೇಲೆ ಕೈಯಲ್ಲಿ ಉಳಿಯುತ್ತಿದ್ದುದು ಚಿಲ್ಲರೆ ಮಾತ್ರ. ಆದರೂ ಕೃಷ್ಣರಾಜ ಮಾರುಕಟ್ಟೆಯ ಮುಂದಿನಿಂದ ನಡೆದು ಬರುವಾಗ ಅಮ್ಮಿಗೆಂದು ಒಂದು ಮೊಳ ಮಲ್ಲಿಗೆ ತರುವುದನ್ನು ಅವರು ತಪ್ಪಿಸುತ್ತಿರಲಿಲ್ಲ. ಪೈಸೆ ಪೈಸೆಯ ಲೆಕ್ಕವಿಡುವ ಮನುಷ್ಯ, ಆ ಒಂದು ಮೊಳವನ್ನು ಮಾತ್ರ ಯಾವ ತಿಂಗಳ ಚೀಟಿಯಲ್ಲೂ ಬರೆಯಲಿಲ್ಲ. ಲೆಕ್ಕಕ್ಕೆ ಬಾರದ, ಆದರೆ ಬಿಡಲೂ ಆಗದ ಇಂಥ ಒಂದು ಮೊಳ ಪ್ರತಿಯೊಂದು ಬಡ ಮನೆಯಲ್ಲೂ ಇರುತ್ತದೆ. ಜನಸಾಮಾನ್ಯರ ಕಲೆಯನ್ನು ಅಲ್ಲಿ ಹುಡುಕಬೇಕೆಂಬುದು ನಮ್ಮ ಅನಿಸಿಕೆ.

ಕಲೆ ಮತ್ತು ಕಳೆ

ಬಸ್ ಕಂಡಕ್ಟರುಗಳ ಬಾಯಲ್ಲಿ 'ಮಾರ್ಕೆಟ್' ಎಂದಷ್ಟೇ ಕರೆಸಿಕೊಳ್ಳುವ ಈ ಜಾಗದಲ್ಲಿ ಹಿಂದೆ ಸಿದ್ದಿಕಟ್ಟೆ ಎಂಬ ಕೆರೆ ಇತ್ತು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿಗೆ ಮುತ್ತಿಗೆ ಹಾಕಿದಾಗ ಕೋಟೆಗೂ ಪೇಟೆಗೂ ನಡುವಿನ ಈ ನೆಲದ ಸುತ್ತಮುತ್ತಲೇ ರಕ್ತ ಹರಿದಿತ್ತು. 1920ರ ದಶಕದಲ್ಲಿ ಮಾರುಕಟ್ಟೆಯ ಕಟ್ಟಡ ಎದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಪಡೆಯಿತು. 2017ರಿಂದ ಅದರ ಅಡಿಯಲ್ಲಿ ಮೆಟ್ರೋ ರೈಲು ಓಡುತ್ತಿದೆ. ಕೆರೆ ಹೋಯಿತು, ಯುದ್ಧ ಮುಗಿಯಿತು, ಅರಸೊತ್ತಿಗೆಯೂ ಹೋಯಿತು. ಹೂವಿನ ವ್ಯಾಪಾರ ಮಾತ್ರ ಇಂದಿಗೂ ಊರು ಏಳುವ ಮೊದಲೇ, ಕತ್ತಲಲ್ಲೇ ಆರಂಭವಾಗುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆಯಿಂದ, ಗಡಿಯಾಚೆಯ ಹೊಸೂರಿನಿಂದ ಮೂಟೆ ಮೂಟೆ ಹೂವು ಬಂದಿಳಿಯುತ್ತದೆ. ಸೇವಂತಿಗೆ, ಚೆಂಡುಹೂ, ಗುಲಾಬಿ, ಸುಗಂಧರಾಜ, ಕಾಕಡ, ಕನಕಾಂಬರ. ನಸುಕಿನ ಹೊತ್ತಿಗೆ ಬಿಡಿ ಹೂವನ್ನು ತೂಕಕ್ಕೆ ಕೊಂಡ ಹೆಂಗಸರು ಗೋಡೆಗೆ ಒರಗಿ ಕಟ್ಟಲು ಕೂರುತ್ತಾರೆ. ಎಡಗೈ ಬೆರಳುಗಳ ನಡುವೆ ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ ಮುಖ ಮಾಡಿಸಿ ಹಿಡಿದು, ಬಾಳೆನಾರನ್ನೋ ದಾರವನ್ನೋ ಸುತ್ತಿ ಕುಣಿಕೆ ಹಾಕಿ ಎಳೆಯುತ್ತಾರೆ. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸಿ ಹೋಗುತ್ತದೆ, ಸಡಿಲವಾದರೆ ಮುಡಿಯುವ ಮೊದಲೇ ಉದುರುತ್ತದೆ. ಮೊಗ್ಗು ಸಂಜೆಗೆ ಅರಳುವುದರಿಂದ, ಅರಳಿದಾಗ ಬೇಕಾಗುವ ಜಾಗವನ್ನೂ ಕಟ್ಟುವಾಗಲೇ ಬಿಟ್ಟಿರಬೇಕು. ಮಾತಾಡುತ್ತ, ಮಗುವಿಗೆ ಗದರುತ್ತ, ಗಿರಾಕಿಗೆ ಬೆಲೆ ಹೇಳುತ್ತ ಇದೆಲ್ಲ ನಡೆಯುತ್ತದೆ. ಕಣ್ಣು ಕೈಯ ಕಡೆ ಇರುವುದೇ ಇಲ್ಲ!

ನಮ್ಮ ಬೀದಿಗೆ ಹೂವು ತರುವ ತಾಯಿಯೊಬ್ಬರು ಹಲವು ವರ್ಷಗಳಿಂದ ಹೀಗೆ ಕಟ್ಟುತ್ತಿದ್ದಾರೆ. ಬಿಳಿ ಮಲ್ಲಿಗೆಯ ನಡುವೆ ಅಲ್ಲಲ್ಲಿ ಒಂದೆಳೆ ಮರುಗ, ಅದರ ಪಕ್ಕಕ್ಕೆ ಎರಡು ಕನಕಾಂಬರ ಇಡುವುದು ಅವರ ರೂಢಿ. ಇಡಬೇಕೆಂದು ಯಾರೂ ಕೇಳುವುದಿಲ್ಲ, ಇಟ್ಟರೆ ಹೆಚ್ಚು ಕಾಸು ಸಿಗುವುದೂ ಇಲ್ಲ. ಮತ್ತೇಕೆ ಈ ಕೆಲಸ ಎಂದು ಒಮ್ಮೆ ಕೇಳಿದೆವು.

"ಬರೀ ಬಿಳಿ ಇದ್ರೆ ಎತ್ತಿ ಕಾಣಲ್ಲ ಅಣ್ಣ. ಮುಡ್ಕೊಂಡೋರಿಗೆ ಒಂದು ಕಳೆ ಬೇಡ್ವಾ?" ಎಂದರು.

ಓದಿದವರು ಕಲೆ ಎನ್ನುವುದನ್ನು ಆ ತಾಯಿ ಕಳೆ ಎಂದರು. ಎರಡೂ 'ಕಲಾ' ಎಂಬ ಒಂದೇ ಸಂಸ್ಕೃತ ಪದದಿಂದ ನಮ್ಮ ಭಾಷೆಗೆ ಇಳಿದು ಬಂದವು. ಒಂದು ಸಭಾಂಗಣಕ್ಕೆ ಹೋಯಿತು, ಇನ್ನೊಂದು ಮನೆಯಲ್ಲಿ ಉಳಿಯಿತು. ಮದುವೆ ಮನೆಗೆ ಕಳೆ ಬಂತು ಎನ್ನುತ್ತೇವೆ. ದುಃಖದಲ್ಲಿರುವವರ ಮುಖ ಕಳೆಗುಂದಿದೆ ಎನ್ನುತ್ತೇವೆ. ಅಗತ್ಯ ಮುಗಿದ ಮೇಲೂ ಕೈ ನಿಲ್ಲದೆ ಮಾಡುವ ಆ ಇನ್ನಷ್ಟರಿಂದ ಬರುವುದು ಈ ಕಳೆ. ಅದು ಎದುರಿಗಿರುವವರಿಗೆ ನೀಡುವ ಗೌರವವೂ ಹೌದು. ಹೂವು ಕಟ್ಟುವ ಕೈ ಮುಡಿಯುವವರ ಮುಖವನ್ನು ನೆನೆಯುತ್ತದೆ. ನೀವು ಕೊಟ್ಟ ಹತ್ತೋ ಇಪ್ಪತ್ತೋ ರೂಪಾಯಿಗಿಂತ ನೀವು ದೊಡ್ಡವರು ಎಂದು ಅದು ಹೇಳುತ್ತಿರುತ್ತದೆ.

ಅರಮನೆಯ ಹೂವು, ಬೀದಿಯ ಹೂವು

ಮಾರುಕಟ್ಟೆಯಿಂದ ಕೆಲವೇ ನಿಮಿಷ ನಡೆದರೆ ಟಿಪ್ಪು ಸುಲ್ತಾನರ ಬೇಸಿಗೆ ಅರಮನೆ ಸಿಗುತ್ತದೆ. ಹೈದರ್ ಅಲಿ 1781ರಲ್ಲಿ ಆರಂಭಿಸಿದ ಈ ಕಟ್ಟಡವನ್ನು ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದರು. ತೇಗದ ಕಂಬಗಳು, ಕೆತ್ತನೆಯ ಕಮಾನುಗಳು, ಗೋಡೆಗಳಲ್ಲಿ ಬಣ್ಣದ ಹೂಬಳ್ಳಿಗಳು. 'ರಶ್ಕ್-ಎ-ಜನ್ನತ್', ಅಂದರೆ ಸ್ವರ್ಗವೂ ಅಸೂಯೆಪಡುವ ತಾಣ ಎಂಬ ಹೆಸರು ಅದಕ್ಕಿದೆ. ಇಂದು ಪುರಾತತ್ವ ಇಲಾಖೆ ಅದನ್ನು ಕಾಯುತ್ತಿದೆ. ಟಿಕೆಟ್ ಪಡೆದು ಒಳಹೋದರೆ ಎರಡು ಶತಮಾನಗಳಿಗೂ ಹಳೆಯ ಹೂವುಗಳನ್ನು ಕಾಣಬಹುದು. ಬಣ್ಣ ಮಾಸಿದ್ದರೂ ಬಾಡಿಲ್ಲ.

ಅರಮನೆಯ ಹೂವು ಕಲೆಯೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಮಾರುಕಟ್ಟೆಯ ಹೂವು ಮಾತ್ರ ಸರಕು. ಈ ಎರಡರ ನಡುವಿನ ವ್ಯತ್ಯಾಸ ಕೌಶಲದ್ದೇ? ಖಂಡಿತ ಅಲ್ಲ. ಒಂದು ಉಳಿಯಿತು, ಇನ್ನೊಂದು ಸಂಜೆಯೊಳಗೆ ಬಾಡಿತು. ಒಂದನ್ನು ಅರಸರು ಮಾಡಿಸಿದರು, ಇನ್ನೊಂದನ್ನು ಹಾದಿಹೋಕರು ಕೊಂಡರು. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ಅರಮನೆ ಕಟ್ಟಿಸಿದವರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಗೋಡೆಯಲ್ಲಿ ಆ ಬಳ್ಳಿಗಳನ್ನು ಬರೆದ ಕೈ ಯಾರದು? ಅವರೂ ನಮ್ಮ ಹೂವಿನ ತಾಯಿಯಂತೆ ಕೂಲಿಗೆ ದುಡಿದು ಸಂಜೆ ಮನೆ ಸೇರಿದ ಹೆಸರಿಲ್ಲದ ಜನರೇ ಅಲ್ಲವೇ?

ಹೆಸರಿಲ್ಲದವರ ಕೈಕೆಲಸವನ್ನು ಕಲೆಯೆಂದು ಕಾಣಬೇಕೆಂದು ವಾದಿಸಿದವರು ಜಗತ್ತಿನಲ್ಲಿ ಇಲ್ಲದಿಲ್ಲ. ಜಪಾನಿನ ಯಾನಗಿ ಸೋಯೆತ್ಸು 1920ರ ದಶಕದಲ್ಲಿ ತಮ್ಮ ಗೆಳೆಯರೊಂದಿಗೆ 'ಮಿಂಗೇಯ್', ಅಂದರೆ ಜನರ ಕಲೆ, ಎಂಬ ಪದವನ್ನೇ ಹುಟ್ಟುಹಾಕಿದರು. ಹಳ್ಳಿಗರು ದಿನನಿತ್ಯ ಬಳಸುವ ಬಟ್ಟಲು, ಬುಟ್ಟಿ, ಬಟ್ಟೆಗಳಿಗಾಗಿಯೇ 1936ರಲ್ಲಿ ಟೋಕಿಯೋದಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದರು. ನಮ್ಮವರೇ ಆದ, 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯ ತಮ್ಮ ಬದುಕಿನ ಬಹುಭಾಗವನ್ನು ದೇಶದ ಕರಕುಶಲಕರ್ಮಿಗಳಿಗೆ ಮೀಸಲಿಟ್ಟರು. ಇಂಥವರಿಂದಾಗಿ ಮಡಕೆ, ಚಾಪೆ, ಬೊಂಬೆಗಳಿಗೆ ಒಂದಿಷ್ಟು ಮರ್ಯಾದೆ ಬಂತು. ಸಂಜೆಗೆ ಬಾಡುವ ಹೂವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗುವುದಿಲ್ಲವಲ್ಲ. ಅದು ಹೊರಗೇ ಉಳಿಯಿತು.

ಬೀಸುಕಲ್ಲಿನ ಮುಂದೆ

ದುಡಿಮೆಯ ನಡುವೆಯೇ ಕಲೆ ಹುಟ್ಟುವುದು ಈ ಮಾರುಕಟ್ಟೆಯಲ್ಲಷ್ಟೇ ನಡೆಯುವ ಸಂಗತಿಯಲ್ಲ. ಇದಕ್ಕೆ ನಮ್ಮ ನಾಡಿನಲ್ಲಿ ಬಹಳ ಹಿಂದಿನ ಸಾಕ್ಷ್ಯವಿದೆ. ಆದಿಲ್‌ಶಾಹಿ ಕಾಲದ ವಿಜಯಪುರದ ಸೂಫಿಗಳು ದಖನಿ ಭಾಷೆಯಲ್ಲಿ 'ಚಕ್ಕಿನಾಮಾ', 'ಚರಖಾನಾಮಾ' ಎಂಬ ಪದ್ಯಗಳನ್ನು ರಚಿಸಿದ್ದರು. ಹೆಸರೇ ಹೇಳುವಂತೆ ಇವು ಹಿಟ್ಟು ಬೀಸುವಾಗ, ನೂಲು ತೆಗೆಯುವಾಗ ಹೆಂಗಸರು ಹಾಡಲು ತಕ್ಕ ಪದ್ಯಗಳು. ದಖನ್ನಿನ ಸಾಮಾನ್ಯ ಜನರ ಮನೆಗಳಿಗೆ ಸೂಫಿ ವಿಚಾರಗಳು ತಲುಪಿದ್ದರಲ್ಲಿ ಇಂಥ ಹಾಡುಗಳ ಪಾತ್ರ ದೊಡ್ಡದೆಂದು ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ದೊಡ್ಡ ತತ್ವಗಳು ಬೀಸುಕಲ್ಲಿನ ಮುಂದೆ ಕೂತ ತಾಯಿಯ ದನಿಯಲ್ಲಿ ಮನೆ ಮನೆ ಸೇರಿದವು.

ಅದೇ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಕನ್ನಡದ ಹೆಂಗಸರ ಬೀಸುವ, ಕುಟ್ಟುವ, ತೂಗುವ ಪದಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ತಂದರು. ದಖನಿಯ ಚಕ್ಕಿ, ಕನ್ನಡದ ಬೀಸುಕಲ್ಲು. ಭಾಷೆ ಎರಡಾದರೂ ಕಲ್ಲಿನ ಸದ್ದು ಒಂದೇ, ಬೆವರೂ ಒಂದೇ. ಬೆಂಗಳೂರಿನಲ್ಲಿ ನೆಲೆಸಿದ್ದ ಎಸ್.ಕೆ. ಕರೀಂಖಾನರು ಊರೂರು ತಿರುಗಿ ಇಂಥ ಜನಪದ ಗೀತೆಗಳನ್ನು ಹುಡುಕಿ ತೆಗೆದವರು. 2006ರಲ್ಲಿ ಅವರು ತೀರಿಕೊಂಡಾಗ ನಾಡು 'ಜಾನಪದ ಜಂಗಮ'ನನ್ನು ಕಳೆದುಕೊಂಡಿತೆಂದು ಜನ ಮರುಗಿದ್ದರಲ್ಲಿ ಅತಿಶಯವಿಲ್ಲ.

ಹಾಡಿದರೆ ಹಿಟ್ಟು ಹೆಚ್ಚು ಬೀಳುವುದಿಲ್ಲ. ಹಾಡದಿದ್ದರೂ ಕಲ್ಲು ತಿರುಗುತ್ತದೆ. ಹಾಗಿದ್ದೂ ಬೆಳಗಿನ ಜಾವದ ಕತ್ತಲಲ್ಲಿ, ನಿದ್ದೆಗಣ್ಣಲ್ಲಿ, ಒಬ್ಬಳೇ ಕೂತ ಹೆಣ್ಣು ಏಕೆ ಹಾಡಿದಳು? ಕಲ್ಲು ತಿರುಗಿಸುವ ಯಂತ್ರ ತಾನಲ್ಲ, ತನಗೊಂದು ತವರಿದೆ, ಆಸೆಯಿದೆ, ದೇವರೊಡನೆ ಆಡುವ ಮಾತಿದೆ ಎಂಬುದನ್ನು ಅವಳು ತನಗೆ ತಾನೇ ಹೇಳಿಕೊಳ್ಳಬೇಕಿತ್ತು. ಕಲೆ ಬಡವರಿಗೆ ಏಕೆ ಬೇಕು ಎಂದು ಕೇಳುವವರು ಈ ಪ್ರಶ್ನೆಗೆ ಮೊದಲು ಉತ್ತರಿಸಲಿ. ಹೊಟ್ಟೆ ತುಂಬಿದವರಿಗೆ ಕಲೆ ಒಂದು ಅಲಂಕಾರವಿರಬಹುದು. ದಿನವಿಡೀ ಇನ್ನೊಬ್ಬರಿಗಾಗಿ ದುಡಿಯುವವರಿಗೆ ತಾವು ಮನುಷ್ಯರೆಂಬ ನೆನಪು ಉಳಿಯುವುದೇ ಅದರಿಂದ.

ಅಕ್ಷರ ಬರೆಯುತ್ತಿದ್ದವರು

ಇಂಥ ಕೈಗಳಲ್ಲಿ ಹಲವು ನಮ್ಮ ಕಣ್ಣೆದುರೇ ಸುಮ್ಮನಾಗಿವೆ. ನಮ್ಮ ಬಾಲ್ಯದಲ್ಲಿ ಪೇಟೆಯ ಅಂಗಡಿಗಳಿಗೆಲ್ಲ ಬೋರ್ಡು ಬರೆಯುವವರಿದ್ದರು. ಏಣಿಯ ಮೇಲೆ ನಿಂತು ಮೊದಲು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆಮೇಲೆ ಕುಂಚದಲ್ಲಿ ಅಕ್ಷರ ತುಂಬಿ, ಕೊನೆಗೆ ಬದಿಗೆ ನೆರಳು ಕೊಡುತ್ತಿದ್ದರು. ಆ ನೆರಳು ಬಿದ್ದೊಡನೆ ಅಕ್ಷರ ಗೋಡೆಯಿಂದ ಎದ್ದು ನಿಂತಂತೆ ಕಾಣುತ್ತಿತ್ತು. ಒಂದೇ ಕೈ ಕನ್ನಡ, ಉರ್ದು, ತಮಿಳು, ಇಂಗ್ಲಿಷ್ ಎಲ್ಲವನ್ನೂ ಬರೆಯುತ್ತಿದ್ದುದೂ ಉಂಟು. ಬೀದಿಯ ಮಕ್ಕಳೆಲ್ಲ ಕೆಳಗೆ ನಿಂತು ಬಾಯಿ ತೆರೆದು ನೋಡುತ್ತಿದ್ದೆವು. ನಮ್ಮಲ್ಲಿ ಅನೇಕರು ನೋಡಿದ ಮೊದಲ ಚಿತ್ರಕಾರ ಅವರೇ, ಮೊದಲ ಚಿತ್ರಶಾಲೆ ಆ ಫುಟ್‌ಪಾತೇ.

ಉರ್ದು ಪತ್ರಿಕೆಗಳ ಕಚೇರಿಗಳಲ್ಲಿ ಕಾತಿಬರು ಇದ್ದರು. ಇಡೀ ಪತ್ರಿಕೆಯನ್ನು ಪ್ರತಿದಿನ ಕೈಯಲ್ಲೇ ಬರೆದು ಮುಗಿಸುವುದು ಅವರ ಕೆಲಸ. ಬೆಳಿಗ್ಗೆ ಓದಿ, ಮಧ್ಯಾಹ್ನ ಪೊಟ್ಟಣ ಕಟ್ಟುವ ಕಾಗದಕ್ಕಾಗಿ ಅಕ್ಷರದ ದುಂಡು ತಪ್ಪದಂತೆ ರಾತ್ರಿಯಿಡೀ ಕೂತು ಬರೆದ ಆ ಕೈಗಳ ಶ್ರದ್ಧೆಯನ್ನು ಏನೆಂದು ಕರೆಯೋಣ? 1990ರ ದಶಕದಲ್ಲಿ ಉರ್ದು ಅಕ್ಷರ ಜೋಡಿಸುವ ಕಂಪ್ಯೂಟರ್ ತಂತ್ರಾಂಶ ಬಂತು. ಕಾತಿಬರ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಅದರ ಬೆನ್ನಿಗೇ ಫ್ಲೆಕ್ಸ್ ಬಂದು ಬೋರ್ಡು ಬರೆಯುವವರ ಏಣಿಯನ್ನು ಇಳಿಸಿತು. 2018ರಲ್ಲಿ ಹೈಕೋರ್ಟಿನ ಚಾಟಿಯೇಟಿನ ನಂತರ ಬೆಂಗಳೂರಿನಲ್ಲಿ ಫ್ಲೆಕ್ಸ್ ನಿಷೇಧವಾಯಿತು. ಅಷ್ಟು ಹೊತ್ತಿಗೆ ಕುಂಚ ಹಿಡಿದಿದ್ದ ಅನೇಕ ಕೈಗಳು ಬೇರೆ ಕೆಲಸ ಹುಡುಕಿಕೊಂಡಿದ್ದವು.

ಯಂತ್ರ ಬರಬಾರದಿತ್ತು ಎಂಬುದು ನಮ್ಮ ವಾದವಲ್ಲ. ಪತ್ರಿಕೆ ಬೇಗ ಅಚ್ಚಾಗಬೇಕು, ಬೋರ್ಡು ಅಗ್ಗವಾಗಬೇಕು. ಆದರೆ ಮಗ್ಗ ನಿಂತಾಗ ನೇಕಾರರ ಬಗ್ಗೆ ಮಾತಾಡಿದ ನಾಡು, ಕುಂಚ ನಿಂತಾಗ ಮಾತಾಡಲಿಲ್ಲ. ಏಕೆಂದರೆ ಅವರನ್ನು ನಾವು ಕಲಾವಿದರೆಂದು ಎಣಿಸಿಯೇ ಇರಲಿಲ್ಲ. ಎಣಿಕೆಗೆ ಸೇರದವರು ಹೋದದ್ದೂ ಯಾರಿಗೂ ತಿಳಿಯುವುದಿಲ್ಲ.

ಪಟ್ಟಿಗೆ ಸೇರದ ಹೂವು

ಈ ಎಣಿಕೆಯ ಪ್ರಶ್ನೆ ಎಷ್ಟು ಗಂಭೀರವೆಂಬುದು ನಮಗೆ ಮನದಟ್ಟಾದದ್ದು ಕೊರೋನಾ ಕಾಲದಲ್ಲಿ. 2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ಬೀಗ ಬಿತ್ತು. ಅಗತ್ಯ ವಸ್ತುಗಳ ಪಟ್ಟಿ ಬಂತು. ಪಡಿತರ, ಹಾಲು, ತರಕಾರಿ, ಔಷಧಿ. ಹೂವು ಅದರಲ್ಲಿರಲಿಲ್ಲ, ಇರಬೇಕೆಂದು ಕೇಳುವ ಹೊತ್ತೂ ಅದಾಗಿರಲಿಲ್ಲ. ಕೃಷ್ಣರಾಜ ಮಾರುಕಟ್ಟೆ ತಿಂಗಳುಗಟ್ಟಲೆ ಬಾಗಿಲು ಮುಚ್ಚಿತು. ಕೊಳ್ಳುವವರಿಲ್ಲದೆ ರೈತರು ಹೂವನ್ನು ಹೊಲದಲ್ಲೇ ಉತ್ತುಬಿಟ್ಟರು. ಅದೇ ಮೇ ತಿಂಗಳಲ್ಲಿ ರಾಜ್ಯ ಸರಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಚಾಲಕರಿಗೆ 5,000 ರೂಪಾಯಿ. ಬೆಳೆದವರ ನಷ್ಟಕ್ಕೆ ಅಳತೆಯಿತ್ತು, ಹೊಲದ ವಿಸ್ತೀರ್ಣದ ಅಳತೆ. ಕಟ್ಟುವವರ ಹೊಲ ಯಾವುದು? ಅವರ ಹತ್ತು ಬೆರಳುಗಳ ವಿಸ್ತೀರ್ಣವನ್ನು ಯಾರು ಅಳೆಯಬೇಕು?

ಆ ವರ್ಷ ಈದ್ ಮುಗಿದ ಮೇಲೆ ಜೂನ್‌ನಲ್ಲಿ ನಮ್ಮ ಮನೆಯಲ್ಲಿ ಒಂದು ನಿಕಾಹ್ ನಿಶ್ಚಯವಾಗಿತ್ತು. ಮುಂದೂಡಿ ಮುಂದೂಡಿ ಕೊನೆಗೆ ಮನೆಯ ಹಜಾರದಲ್ಲೇ ಮುಗಿಸೋಣವೆಂದು ಹಿರಿಯರು ತೀರ್ಮಾನಿಸಿದರು. ಒಪ್ಪಿಗೆ, ಸಾಕ್ಷಿಗಳು, ಮೆಹರ್ ಇದ್ದರೆ ನಿಕಾಹ್ ನೆರವೇರುತ್ತದೆ. ಹೂವು ಅದರ ಷರತ್ತಲ್ಲ. ಸೆಹ್ರಾ ಇಲ್ಲದಿದ್ದರೆ ಏನಂತೆ, ಇರುವುದರಲ್ಲೇ ಮಾಡೋಣ ಎಂದು ಅಮ್ಮಿಯೇ ಹೇಳಿದ್ದರು. ಹೇಳುವಾಗ ಅವರ ದನಿ ಸಣ್ಣಗಾಗಿತ್ತು.

ನಿಕಾಹ್‌ನ ಬೆಳಿಗ್ಗೆ ಹೂವಿನ ತಾಯಿ ಬಾಗಿಲಲ್ಲಿ ನಿಂತಿದ್ದರು. ಮುಖಕ್ಕೆ ಸೆರಗು ಕಟ್ಟಿಕೊಂಡಿದ್ದರು, ಕೈಯಲ್ಲಿ ಬಾಳೆಎಲೆಯ ಪೊಟ್ಟಣ. ಸುದ್ದಿ ಯಾರಿಂದಲೋ ತಿಳಿದು, ಬೀದಿಯ ನಾಲ್ಕು ಮನೆಗಳ ಕಾಂಪೌಂಡಿನ ಬಳ್ಳಿಗಳಿಂದ ಮೊಗ್ಗು ಕೇಳಿ ಪಡೆದು, ರಾತ್ರಿ ಕೂತು ಸೆಹ್ರಾ ಕಟ್ಟಿದ್ದರು. ಬಳ್ಳಿ ಕೊಟ್ಟ ಮನೆಗಳಲ್ಲಿ ಮೂರು ಹಿಂದೂಗಳದು. ಗುಲಾಬಿ ಸಾಲದೆ ನಡುವೆ ದಾಸವಾಳದ ಮೊಗ್ಗು ಸೇರಿಸಿದ್ದರು. ದಾಸವಾಳ ಇಟ್ಟ ಸೆಹ್ರಾವನ್ನು ನಾವು ಹಿಂದೆಂದೂ ಕಂಡವರಲ್ಲ!

"ಬೂಬಮ್ಮ, ಮದುವೆ ಗಂಡು ಬರೀ ಮುಖದಲ್ಲಿ ಕೂತ್ರೆ ಚೆಂದಾನಾ?" ಎಂದರು.

ಎಷ್ಟಾಯಿತು ಎಂದು ಅಮ್ಮಿ ಕೇಳಿದಾಗ ಸಿಕ್ಕ ಉತ್ತರ ನಮ್ಮ ಮನಸ್ಸಿನಲ್ಲಿ ಉಳಿದಿದೆ. "ಹೂವು ಬೀದಿಯೋರ್ದು. ಕಟ್ಟಿದ ಕೂಲಿ ಮಾತ್ರ ಕೊಡಿ. ಮೂರು ತಿಂಗಳಿಂದ ಕೈ ಸುಮ್ನೆ ಕೂತಿತ್ತು, ನೆನ್ನೆ ರಾತ್ರಿ ನಿದ್ದೆ ಚೆನ್ನಾಗಿ ಬಂತು."

ಕೂಲಿ ಬೇಡವೆಂದು ಆ ತಾಯಿ ಹೇಳಲಿಲ್ಲ ಎಂಬುದನ್ನು ನಾವಿಲ್ಲಿ ಒತ್ತಿ ಹೇಳಬೇಕು. ಅವರ ಮನೆಯಲ್ಲೂ ಒಲೆ ಉರಿಯಬೇಕಿತ್ತು. ಕಲಾವಿದರು ಬರಿ ಮೆಚ್ಚುಗೆಯಲ್ಲಿ ಬದುಕಬೇಕೆಂದು ನಿರೀಕ್ಷಿಸುವುದು ಹೊಟ್ಟೆ ತುಂಬಿದವರ ಔದಾರ್ಯ. ಆದರೆ ಕೂಲಿಯೊಂದಿಗೆ ಇನ್ನೊಂದು ಹಸಿವೂ ಅವರಿಗಿತ್ತು, ಕೈಗೆ ಕೆಲಸ ಬೇಕೆಂಬ ಹಸಿವು. ಯಾವ ಪಟ್ಟಿಯಲ್ಲೂ ಇಲ್ಲದ ಹೂವು ಅಂದು ಒಂದು ಮನೆಗೆ ಕಳೆ ತಂದಿತು, ಇನ್ನೊಂದು ಮನೆಗೆ ನಿದ್ದೆ ತಂದಿತು.

2021ರಲ್ಲಿ ಎರಡನೇ ಅಲೆಯ ಸಂದರ್ಭದ ಪರಿಹಾರದ ಪಟ್ಟಿಯಲ್ಲಿ ಎರಡು ಪ್ರತ್ಯೇಕ ಸಾಲುಗಳಿದ್ದವು. ಕಲಾವಿದರು ಮತ್ತು ಕಲಾತಂಡಗಳಿಗೆ 3,000 ರೂಪಾಯಿ, ಬೀದಿಬದಿ ವ್ಯಾಪಾರಿಗಳಿಗೆ 2,000 ರೂಪಾಯಿ. ಕಲಾವಿದರಿಗೆ ಸಿಕ್ಕಿದ್ದೂ ಅಲ್ಪವೇ, ಅವರ ಬವಣೆಯೂ ಸಣ್ಣದಾಗಿರಲಿಲ್ಲ. ನಾವು ನೋಡಿದ್ದು ಆ ಎರಡು ಸಾಲುಗಳ ನಡುವಿನ ಗೆರೆಯನ್ನು. ನಮ್ಮ ಹೂವಿನ ತಾಯಿ ಆ ಗೆರೆಯ ಯಾವ ಕಡೆಯವರು? ಮಾರುವಾಗ ವ್ಯಾಪಾರಿ ಸರಿ, ಆದರೆ ರಾತ್ರಿ ಕೂತು ದಾಸವಾಳದ ಮೊಗ್ಗಿಗೆ ಜಾಗ ಹುಡುಕುವಾಗ?

ದುಂದು ಬೇರೆ, ಚೆಲುವು ಬೇರೆ

ಮದುವೆಗಳಲ್ಲಿ ಅದ್ಧೂರಿತನದ ವಿರುದ್ಧ ನಮ್ಮ ಸಮಾಜದಲ್ಲಿ ನಡೆಯುತ್ತಿರುವ ಮಾತು ಸರಿಯಾದದ್ದೇ. ಸಾಲ ಮಾಡಿ ಶಾದಿಮಹಲುಗಳಿಗೆ ಲಕ್ಷಾಂತರ ರೂಪಾಯಿಯ ಅಲಂಕಾರ ಮಾಡಿಸುವವರು ಮಗಳ ತಂದೆಯ ಬೆನ್ನು ಮುರಿಯುತ್ತಿದ್ದಾರೆ. ಆದರೆ ದುಂದನ್ನು ತೆಗೆಯುವ ಭರದಲ್ಲಿ ಚೆಲುವನ್ನೂ ಗುಡಿಸಿ ಹಾಕಬಾರದು. ಎರಡನ್ನೂ ಬೇರ್ಪಡಿಸುವುದು ಕಷ್ಟವೇನಲ್ಲ. ದುಂದು ನೆರೆಯವರ ಕಣ್ಣು ಕುಕ್ಕುವುದಕ್ಕೆ, ಚೆಲುವು ಎದುರಿಗಿರುವವರ ಕಣ್ಣು ತಣಿಸುವುದಕ್ಕೆ. ದುಂದಿಗೆ ದುಡ್ಡು ಬೇಕು, ಚೆಲುವಿಗೆ ಗಮನ ಬೇಕು. ಲಕ್ಷ ರೂಪಾಯಿಯ ಪ್ಲಾಸ್ಟಿಕ್ ಹೂವಿನ ವೇದಿಕೆಯಲ್ಲಿ ಕಟ್ಟಿದವರ ಮುಖ ಯಾರಿಗೂ ಕಾಣುವುದಿಲ್ಲ. ಒಂದು ಮೊಳ ಮಲ್ಲಿಗೆಯಲ್ಲಿ ಕಾಣುತ್ತದೆ.

ಈ ಗಮನಕ್ಕೆ ಜಾತಿ-ಮತದ ಗೋಡೆಯೂ ಅಡ್ಡ ಬರುವುದಿಲ್ಲ. ಚೈತ್ರದ ಹುಣ್ಣಿಮೆಯ ರಾತ್ರಿ ಬೆಂಗಳೂರು ಕರಗ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುತ್ತದೆ. ತೋಟಗಾರಿಕೆಗೆ ಹೆಸರಾದ ತಿಗಳ ಸಮುದಾಯದವರು ಹೊರುವ ಆ ಕರಗ ಮಲ್ಲಿಗೆಯಿಂದ ಮುಚ್ಚಿರುತ್ತದೆ. ಹಾದಿಯುದ್ದಕ್ಕೂ ಜನ ಹಿಡಿಹಿಡಿ ಮಲ್ಲಿಗೆ ಎರಚುತ್ತಾರೆ. ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಭೇಟಿ ಕೊಟ್ಟೇ ಕರಗ ಮುಂದೆ ಸಾಗುವುದು ರೂಢಿ. ದರ್ಗಾಕ್ಕೆ ಹೊದಿಸುವ ಹೂವಿನ ಚಾದರವೂ ಕರಗದ ಮಲ್ಲಿಗೆಯೂ ಅದೇ ಪೇಟೆಯ ಹೂವು. ಕಟ್ಟಿದ ಬೆರಳುಗಳಿಗೆ ಅದು ಎಲ್ಲಿಗೆ ಹೋಗುತ್ತದೆಂಬ ಭೇದವಿಲ್ಲ, ಎಲ್ಲಿಗೆ ಹೋದರೂ ಬಾಡದೆ ತಲುಪಬೇಕೆಂಬ ಕಾಳಜಿ ಮಾತ್ರ ಇದೆ. ಯಾರ ಅಂಗಡಿಯಲ್ಲಿ ಯಾರು ಕೊಳ್ಳಬೇಕೆಂದು ಗೆರೆ ಎಳೆಯುವ ಮಾತುಗಳು ಕೇಳಿಬರುವ ಈ ದಿನಗಳಲ್ಲಿ ಆ ಬೆರಳುಗಳಿಂದ ನಾವು ಕಲಿಯಬೇಕಾದದ್ದು ಬಹಳವಿದೆ.

ನೆರಳಿನಲ್ಲಿ ಒಂದು ಜಾಗ

ಹಾಗಾದರೆ ನಾವು ಮಾಡಬೇಕಾದದ್ದೇನು? ಎಣಿಕೆಯಲ್ಲಿ ಸ್ವಲ್ಪ ಬದಲಾವಣೆ ಕಾಣತೊಡಗಿದೆ ಎಂಬುದು ಸಮಾಧಾನದ ಸಂಗತಿ. ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕುಶಲ ಕಸುಬುಗಳ ಪಟ್ಟಿಯಲ್ಲಿ ಬಡಗಿ, ಕುಂಬಾರ, ದರ್ಜಿಗಳ ಜೊತೆಗೆ ಹೂಮಾಲೆ ಕಟ್ಟುವವರನ್ನೂ ಸೇರಿಸಲಾಗಿದೆ. ತರಬೇತಿ, ಸಾಲ, ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು ಅದರಲ್ಲಿದೆ. ಹೂವು ಕಟ್ಟುವವರ ಬೆರಳುಗಳೂ ಕುಶಲ ಬೆರಳುಗಳೆಂದು ಒಂದು ಸರಕಾರಿ ಕಾಗದ ಒಪ್ಪಿಕೊಂಡಿತಲ್ಲ, ಅದು ಸಣ್ಣ ಮಾತಲ್ಲ. ಇದರ ಮಾಹಿತಿ ಫುಟ್‌ಪಾತಿನಲ್ಲಿ ಕೂತವರಿಗೆ ತಲುಪಿಸುವುದು, ಅರ್ಜಿ ತುಂಬಲು ನೆರವಾಗುವುದು ಓದಿದ ನಮ್ಮ ಯುವಕ ಯುವತಿಯರು ಕೈಗೊಳ್ಳಬಹುದಾದ ಕೆಲಸ.

ಆದರೆ ಹೂವು ಕಟ್ಟುವವರ ಮೊದಲ ಸಲಕರಣೆ ಅವರ ಬೆರಳುಗಳೇ. ಅವರಿಗೆ ಮುಖ್ಯವಾಗಿ ಬೇಕಾದದ್ದು ಒದ್ದೆಯಾಗದ ನೆಲ, ಬಿಸಿಲು ತಾಗದ ನೆರಳು, ಹೂವಿಗೆ ಚಿಮುಕಿಸಲು ಶುದ್ಧ ನೀರು, ಹೆಂಗಸರಿಗೆ ಮರ್ಯಾದೆಯಿಂದ ಹೋಗಬಹುದಾದ ಶೌಚಾಲಯ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆ ಸಮೀಕ್ಷೆ ನಡೆಸಿ ಗುರುತಿನ ಚೀಟಿ ಕೊಡಬೇಕು, ವ್ಯಾಪಾರಕ್ಕೆ ಜಾಗ ಗುರುತಿಸಬೇಕು ಎನ್ನುತ್ತದೆ. ಕಾನೂನು ಕೊಟ್ಟ ಈ ಹಕ್ಕು ಮೂಟೆ ಹೊತ್ತು ಓಡಾಡುವವರ ಬಾಳಿನಲ್ಲಿ ನಿಜವಾಗಬೇಕಾದರೆ ಕೊಳ್ಳುವ ನಾವೂ ಅವರೊಂದಿಗೆ ದನಿಗೂಡಿಸಬೇಕು.

ಇನ್ನು ನಮ್ಮ ಕೈಯಲ್ಲೇ ಇರುವ ಕೆಲವು ಸಂಗತಿಗಳಿವೆ. ಹೂವಿನವರ ಹೆಸರು ಕೇಳೋಣ. ದೊಡ್ಡ ಅಂಗಡಿಯಲ್ಲಿ ಬರೆದ ಬೆಲೆಗೆ ತುಟಿ ಬಿಚ್ಚದೆ ಹಣ ಕೊಡುವ ನಾವು ಮೊಳಕ್ಕೆ ಎರಡು ರೂಪಾಯಿ ಇಳಿಸುವುದನ್ನು ಜಾಣತನವೆಂದು ತಿಳಿಯುವುದು ಬೇಡ. ನಮ್ಮ ಮಕ್ಕಳನ್ನು ಅರಮನೆಯ ಹೂವು ತೋರಿಸಲು ಕರೆದೊಯ್ದಾಗ, ಅಲ್ಲಿಂದ ಹಾಗೇ ಮಾರುಕಟ್ಟೆಗೂ ನಡೆಸಿಕೊಂಡು ಹೋಗೋಣ. ಐದು ನಿಮಿಷ ನಿಂತು ಆ ಬೆರಳುಗಳನ್ನು ನೋಡಲು ಹೇಳೋಣ. ಕಲೆ ಎಂದರೇನು ಎಂದು ಆ ಮೇಲೆ ಅವರಿಗೆ ಪಾಠ ಮಾಡಬೇಕಾಗುವುದಿಲ್ಲ.

ಮಗು ಹುಟ್ಟಿದ ಮನೆಗೂ ಹೂವು ಬೇಕು, ಮದುವೆಗೂ ಬೇಕು, ಕೊನೆಗೆ ಮಣ್ಣಿನ ಮೇಲೆ ಹರಡುವುದಕ್ಕೂ ಹಿಡಿ ಹೂವು ಬೇಕು. ಅಷ್ಟೆಲ್ಲಕ್ಕೂ ಕಳೆ ತರುವವರು ನಮ್ಮ ಕಾಲಬುಡದಲ್ಲೇ, ಚರಂಡಿಯ ಪಕ್ಕದಲ್ಲಿ ಕೂತಿದ್ದಾರೆ. ಅವರಿಗೆ ಪ್ರಶಸ್ತಿ ಬೇಡ, ಶಾಲು ಬೇಡ. ಕೂತು ದುಡಿಯಲು ನೆರಳಿನಲ್ಲಿ ಒಂದಿಷ್ಟು ಜಾಗ ಸಿಕ್ಕಿದರೆ, ಮುಂದಿನದನ್ನು ಆ ಬೆರಳುಗಳೇ ನೋಡಿಕೊಳ್ಳುತ್ತವೆ.